ಎದುರು ತಂಡದ ಬಸ್ಸು ಬರಲಿ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಸೀಮೆಯಲ್ಲಿ ಫುಟ್‌ಬಾಲ್ ಟೂರ್ನಮೆಂಟು ನಡೆಸುವ ಎಲ್ಲ ಗೆಳೆಯರಿಗೆ,



ಕಳೆದ ತಿಂಗಳು ಸಂತೆಗೆ ಹೋದವನು ಟೀ ಅಂಗಡಿಯ ಗೋಡೆಯ ಮೇಲೆ ನಿಮ್ಮಲ್ಲೊಬ್ಬರು ಅಂಟಿಸಿದ್ದ ಪೋಸ್ಟರ್ ನೋಡಿದೆ. ಮೇಲೆ ಚೆಂಡಿನ ಚಿತ್ರ, ಅದರ ಕೆಳಗೆ ಬಹುಮಾನದ ಮೊತ್ತ, ಎಂಟ್ರಿ ಫೀ, ಇಬ್ಬರ ಫೋನ್ ನಂಬರು. ತೆಲುಗಿನಲ್ಲೂ ಇತ್ತು, ಕನ್ನಡದಲ್ಲೂ ಇತ್ತು. ಸಂತೋಷಪಟ್ಟು ಕೊನೆಯವರೆಗೂ ಓದಿದೆ. ಕೊನೆಯ ಸಾಲಿನಲ್ಲಿ, ಈ ರಾಜ್ಯದ ಆಧಾರ್ ವಿಳಾಸ ಇರುವ ಆಟಗಾರರಿಗೆ ಮಾತ್ರ ಪ್ರವೇಶ ಎಂದಿತ್ತು. ಕುಡಿಯುತ್ತಿದ್ದ ಟೀ ಹಾಗೆಯೇ ಆರಿಹೋಯಿತು. ಆಮೇಲೆ ವಿಚಾರಿಸಿದರೆ ಅದು ಒಂದೇ ಊರಿನ ಮಾತಲ್ಲ, ಈ ವರ್ಷ ಇನ್ನೂ ಎರಡು ಮೂರು ಕಡೆ ಹಾಗೆಯೇ ಮಾಡುವ ಯೋಚನೆ ಇದೆ ಎಂದು ತಿಳಿಯಿತು. ಯಾರು, ಯಾವ ಊರು ಎಂದು ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಹಲವರು ನನ್ನ ಸೀಟಿಗೆ ಓಡಿ ಬೆಳೆದ ಹುಡುಗರು. ನಿಮ್ಮ ಮೇಲೆ ದೂರು ಹೇಳುವುದಕ್ಕಾಗಿ ನಾನು ಈ ಕಾಗದ ಬರೆಯುತ್ತಿಲ್ಲ. ಒಂದು ಫುಟ್‌ಬಾಲ್ ಲೀಗಿನ ಕೊನೆಯ ವರ್ಷದ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದಾಗ ಇದನ್ನು ತರಗತಿಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ.

1990ರ ವಿಶ್ವಕಪ್ಪನ್ನು ನಾನು ನೋಡಿದ್ದು ನೆಂಟರ ಮನೆಯ ಕಪ್ಪುಬಿಳುಪು ಟಿವಿಯಲ್ಲಿ. ಜೂನ್ 30ರ ರಾತ್ರಿ ಇಟಲಿಯ ಫ್ಲಾರೆನ್ಸಿನಲ್ಲಿ ಅರ್ಜೆಂಟೀನಾ ಮತ್ತು ಯುಗೊಸ್ಲಾವಿಯ ನಡುವೆ ಕ್ವಾರ್ಟರ್ ಫೈನಲ್. ಎಲ್ಲರೂ ಮರಡೋನಾನನ್ನು ನೋಡಲು ಕೂತಿದ್ದೆವು. ಅರ್ಧ ಗಂಟೆಯಾಗುವಷ್ಟರಲ್ಲಿ ಯುಗೊಸ್ಲಾವಿಯದ ಒಬ್ಬ ಕೆಂಪು ಕಾರ್ಡು ಪಡೆದು ಹೊರನಡೆದ. ಉಳಿದ ಹತ್ತು ಜನ ಹೆಚ್ಚುವರಿ ಸಮಯವೂ ಸೇರಿ ತೊಂಬತ್ತು ನಿಮಿಷ ಆಡಿ ಅರ್ಜೆಂಟೀನಾಕ್ಕೆ ಒಂದು ಗೋಲನ್ನೂ ಕೊಡಲಿಲ್ಲ. ಆ ತಂಡ ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದ ಚಂದಕ್ಕೆ ನಾನು ಮರಡೋನಾನನ್ನೇ ಮರೆತೆ. ಪೆನಾಲ್ಟಿಯಲ್ಲಿ ಮರಡೋನಾ ಹೊಡೆದದ್ದನ್ನೂ ಅವರ ಗೋಲ್‌ಕೀಪರ್ ಹಿಡಿದ. ಆದರೂ ಸೋತರು. ಅವರ ಕೊನೆಯ ಪೆನಾಲ್ಟಿ ಹೊಡೆದು ವಿಫಲನಾದವನು ಬೋಸ್ನಿಯದ ಸರಯೇವೊದ ಫಾರುಕ್ ಹಾಜಿಬೆಗಿಚ್. ಆ ಚೆಂಡು ಒಳಗೆ ಹೋಗಿದ್ದರೆ ದೇಶ ಉಳಿಯುತ್ತಿತ್ತೇ ಎಂದು ಆ ಕಡೆಯ ಜನ ಇವತ್ತಿಗೂ ಅವನನ್ನು ಕೇಳುತ್ತಾರಂತೆ. ಉಳಿಯುತ್ತಿರಲಿಲ್ಲ. ಆದರೆ ಜನ ಅದನ್ನು ಕೇಳುತ್ತಾರೆ ಎಂಬುದೇ ನನಗೆ ಸಂಕಟದ ಮಾತು. ಎರಡು ವರ್ಷದೊಳಗೆ ಆ ತಂಡ ಇರಲಿಲ್ಲ, ಆ ದೇಶ ಹೋಳಾಗಿತ್ತು.

ಆ ತಂಡವನ್ನು ಬೆಳೆಸಿದ್ದು ಅವರ ಲೀಗು. ನಮ್ಮ ಕಡೆ ನಡೆಯುವುದು ನಾಕೌಟ್ ಟೂರ್ನಮೆಂಟು. ಸೋತವರು ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾರೆ. ಲೀಗಿನ ಕಟ್ಟಳೆ ಬೇರೆ. ಅಲ್ಲಿ ಪ್ರತಿ ತಂಡವೂ ಉಳಿದ ಪ್ರತಿ ತಂಡದ ಊರಿಗೆ ವರ್ಷಕ್ಕೊಮ್ಮೆ ಹೋಗಿ ಆಡಬೇಕು, ಪ್ರತಿ ತಂಡವನ್ನೂ ತನ್ನೂರಿಗೆ ಒಮ್ಮೆ ಬರಮಾಡಿಕೊಳ್ಳಬೇಕು. ಬೀಗರ ಮನೆಗೆ ಹೋಗಿ ಬಂದು ಅವರನ್ನೂ ಕರೆದು ಊಟಕ್ಕಿಕ್ಕಿದ ಹಾಗೆ. ಇಷ್ಟವಿದ್ದರೆ ಹೋಗುವುದು, ಇಲ್ಲದಿದ್ದರೆ ಬಿಡುವುದು ಎಂಬುದು ಅಲ್ಲಿಲ್ಲ. ಯುಗೊಸ್ಲಾವಿಯದಲ್ಲಿ ದಶಕಗಳಿಂದ ಹೀಗೆಯೇ ನಡೆದುಕೊಂಡು ಬಂದಿತ್ತು. 1990–91ರ ಋತುವಿನಲ್ಲಿ 19 ಕ್ಲಬ್ಬುಗಳಿದ್ದವು. ಸರ್ಬಿಯದವು ಎಂಟು, ಬೋಸ್ನಿಯದವು ಐದು, ಕ್ರೊಯೇಷಿಯದವು ನಾಲ್ಕು, ಸ್ಲೊವೇನಿಯ ಮತ್ತು ಮಾಂಟೆನೆಗ್ರೊದವು ಒಂದೊಂದು. ಭಾಷೆ ಬೇರೆ, ಲಿಪಿ ಬೇರೆ, ಕೆಲವರದು ಚರ್ಚು, ಕೆಲವರದು ಮಸೀದಿ. ಭಾನುವಾರ ಬಂದರೆ ಒಬ್ಬರ ಬಸ್ಸು ಇನ್ನೊಬ್ಬರ ಊರಿನ ಕಡೆ ಹೊರಡುತ್ತಿತ್ತು.

ಅವರ ಲೀಗಿನಲ್ಲಿ ಆಗ ಒಂದು ವಿಚಿತ್ರ ನಿಯಮವಿತ್ತು. ಪಂದ್ಯ ಸಮವಾದರೆ ಪೆನಾಲ್ಟಿ ಹೊಡೆಯಬೇಕು. ಗೆದ್ದವರಿಗೆ ಒಂದು ಅಂಕ, ಸೋತವರಿಗೆ ಏನೂ ಇಲ್ಲ. ಹೀಗಾಗಿ ಅಲ್ಲಿನ ಆಟಗಾರರು ವರ್ಷವಿಡೀ ಪೆನಾಲ್ಟಿ ಹೊಡೆದು ಪಳಗಿದ್ದರು. 1991ರ ಮೇ 29ರಂದು ಇಟಲಿಯ ಬಾರಿಯಲ್ಲಿ ಸರ್ಬಿಯದ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಕ್ಲಬ್ಬು ಫ್ರಾನ್ಸಿನ ಮಾರ್ಸೆಯ್ ತಂಡವನ್ನು ಪೆನಾಲ್ಟಿಯಲ್ಲಿ 5–3ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. ಐದಕ್ಕೆ ಐದೂ ಒಳಗೆ. ಕೊನೆಯದನ್ನು ಹೊಡೆದ ದಾರ್ಕೊ ಪಾಂಚೆವ್ ಮ್ಯಾಸಿಡೋನಿಯದವನು. ಜೊತೆಗಿದ್ದ ಸವಿಚೆವಿಚ್ ಮಾಂಟೆನೆಗ್ರೊದವನು. ಪ್ರೊಸಿನೆಚ್ಕಿಯ ತಂದೆ ಕ್ರೊಯೇಟ್, ತಾಯಿ ಸರ್ಬ್. ಮಿಹಾಯ್ಲೊವಿಚ್‌ನ ತಂದೆ ಸರ್ಬ್, ತಾಯಿ ಕ್ರೊಯೇಟ್. ನಮ್ಮಲ್ಲಿ ಅಪ್ಪನ ಮನೆಮಾತು ತೆಲುಗು, ಅಮ್ಮನದು ಕನ್ನಡ ಆಗಿರುವ ಮಕ್ಕಳು ಬೀದಿಗೆ ಹತ್ತು ಮಂದಿ ಇದ್ದಾರಲ್ಲ, ಅಂಥವರು. ಅವರು ಯುರೋಪಿನ ಕಪ್ಪನ್ನು ಎತ್ತಿ ಹಿಡಿದು ಒಂದು ತಿಂಗಳಾಗುವ ಮೊದಲೇ, ಜೂನ್ 25ರಂದು, ಸ್ಲೊವೇನಿಯ ಮತ್ತು ಕ್ರೊಯೇಷಿಯ ತಾವು ಬೇರೆ ದೇಶ ಎಂದು ಸಾರಿದವು.

ನಾನು ಹೇಳಬೇಕೆಂದಿರುವುದು ಕಪ್ಪಿನ ಸಂಗತಿಯಲ್ಲ, ಅದಕ್ಕೆ ಒಂದು ವರ್ಷ ಮೊದಲು ಶುರುವಾದದ್ದು. ಕೆರೆಯ ಏರಿ ಒಂದೇ ರಾತ್ರಿಗೆ ಒಡೆಯುವುದಿಲ್ಲ. ಮೊದಲು ಎಲ್ಲೋ ಒಂದು ಕಡೆ ಜಿನುಗುತ್ತದೆ. ಅಲ್ಲಿ ಜಿನುಗಿದ್ದು ಫುಟ್‌ಬಾಲ್ ಬಯಲಿನಲ್ಲಿ.

1990ರ ಮೇ 13. ಕ್ರೊಯೇಷಿಯದ ಝಾಗ್ರೆಬ್ ನಗರದ ಮಾಕ್ಸಿಮಿರ್ ಕ್ರೀಡಾಂಗಣ. ದಿನಾಮೊ ಝಾಗ್ರೆಬ್ ತಂಡಕ್ಕೂ ಬೆಲ್‌ಗ್ರೇಡಿನಿಂದ ಬಂದ ರೆಡ್ ಸ್ಟಾರ್‌ಗೂ ಪಂದ್ಯ. ಕ್ರೊಯೇಷಿಯದಲ್ಲಿ ಆಗತಾನೇ ಚುನಾವಣೆ ಮುಗಿದು, ಪ್ರತ್ಯೇಕತೆಯ ಮಾತಾಡುವ ಪಕ್ಷ ಗೆದ್ದಿತ್ತು. ಎರಡೂ ಕಡೆಯ ಅಭಿಮಾನಿಗಳು ಪಂದ್ಯ ನೋಡಲು ಬರಲಿಲ್ಲ, ಹೊಡೆದಾಡಲು ಬಂದರು. ಕುರ್ಚಿ ಕಿತ್ತರು, ಬೇಲಿ ಮುರಿದರು, ಮೈದಾನ ರಣರಂಗವಾಯಿತು. ದಿನಾಮೊದ ನಾಯಕ ಜ್ವೊನಿಮಿರ್ ಬೊಬಾನ್, ಆಗ ಇಪ್ಪತ್ತೊಂದರ ಹುಡುಗ, ತನ್ನ ಕಡೆಯ ಅಭಿಮಾನಿಯನ್ನು ಹೊಡೆಯುತ್ತಿದ್ದ ಪೊಲೀಸನನ್ನು ಹಾರಿ ಒದ್ದ. ಅದಕ್ಕಾಗಿ ಅಮಾನತಾಗಿ ವಿಶ್ವಕಪ್ಪನ್ನು ಕಳೆದುಕೊಂಡ, ಕ್ರೊಯೇಷಿಯದಲ್ಲಿ ವೀರನಾದ. ಒದೆ ತಿಂದ ಪೊಲೀಸ್ ಸರ್ಬ್ ಅಲ್ಲ, ಬೋಸ್ನಿಯದ ಮುಸ್ಲಿಂ. ಆಮೇಲೆ ಆತ ಬೊಬಾನ್‌ನನ್ನು ಕ್ಷಮಿಸಿದ. ಅವತ್ತಿನ ಪಂದ್ಯ ನಡೆಯಲೇ ಇಲ್ಲ. ಮಾಕ್ಸಿಮಿರ್ ಎದುರು, ಯುದ್ಧ ಶುರುವಾದದ್ದು ಈ ದಿನ, ಈ ಜಾಗದಲ್ಲಿ ಎಂಬ ಅರ್ಥದ ಸ್ಮಾರಕವೊಂದಿದೆ. ಅದು ಪೂರ್ತಿ ನಿಜವಲ್ಲ. ಯುದ್ಧ ಫುಟ್‌ಬಾಲಿನಿಂದ ಹುಟ್ಟಲಿಲ್ಲ. ಅದು ಹುಟ್ಟಿದ್ದು ರಾಜಕಾರಣಿಗಳ ಭಾಷಣದಲ್ಲಿ, ಮುಗ್ಗರಿಸಿದ ಬದುಕಿನಲ್ಲಿ, ಹಳೆಯ ಮಹಾಯುದ್ಧದ ಆರದ ಗಾಯಗಳಲ್ಲಿ. ಆದರೆ ಎದುರು ತಂಡದ ಬಸ್ಸು ಬೇಡದ ಬಸ್ಸಾದದ್ದು ಮೊದಲು ಕಂಡಿದ್ದು ಅಲ್ಲಿ.

ಸೆಪ್ಟೆಂಬರ್ 26ರಂದು ಸಮುದ್ರದಂಡೆಯ ಸ್ಪ್ಲಿಟ್ ಊರಿನಲ್ಲಿ ಹೈದುಕ್ ಕ್ಲಬ್ಬಿಗೂ ಬೆಲ್‌ಗ್ರೇಡಿನ ಪಾರ್ಟಿಜಾನ್‌ಗೂ ಆಟ. ಸ್ಥಳೀಯ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ಪಾರ್ಟಿಜಾನ್ ಹುಡುಗರು ಓಡಿಹೋಗಿ ಡ್ರೆಸ್ಸಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡರು. ಹೊರಗೆ ದೇಶದ ಬಾವುಟವನ್ನು ಇಳಿಸಿ ಸುಟ್ಟರು. ಹೀಗಿದ್ದರೂ ಆ ಋತುವನ್ನು ಹೇಗೋ ಆಡಿ ಮುಗಿಸಿದರು ಎಂಬುದನ್ನು ನೆನೆದರೆ ನನಗೆ ಆ ರೆಫ್ರಿಗಳ ಮೇಲೆ, ಬಸ್ಸಿನ ಡ್ರೈವರುಗಳ ಮೇಲೆ, ಬಯಲಿಗೆ ಸುಣ್ಣದ ಗೆರೆ ಎಳೆದವರ ಮೇಲೆ ಗೌರವ ಬರುತ್ತದೆ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

1991ರ ಮೇ 8ರಂದು ಬೆಲ್‌ಗ್ರೇಡಿನಲ್ಲಿ ದೇಶದ ಕಪ್ಪಿನ ಫೈನಲ್. ಹೈದುಕ್‌ಗೆ ಎದುರಾಗಿ ರೆಡ್ ಸ್ಟಾರ್. ಆರು ದಿನ ಮೊದಲು ಬೊರೊವೊ ಸೆಲೊ ಎಂಬ ಹಳ್ಳಿಯಲ್ಲಿ ಹನ್ನೆರಡು ಮಂದಿ ಕ್ರೊಯೇಷಿಯದ ಪೊಲೀಸರು ಹತರಾಗಿದ್ದರು. ರೆಡ್ ಸ್ಟಾರ್‌ನ ಮಿಹಾಯ್ಲೊವಿಚ್ ಬೆಳೆದದ್ದು ಅದೇ ಬೊರೊವೊದಲ್ಲಿ. ಎದುರು ಹೈದುಕ್ ಪರವಾಗಿ ಹಿಂದೆ ಕಾವಲು ನಿಂತವನು ಇಗೊರ್ ಸ್ಟಿಮಾಚ್. ಇಬ್ಬರ ನಡುವೆ ಮೈದಾನದಲ್ಲಿ ಹುಟ್ಟಿದ ಹಗೆ ಇಪ್ಪತ್ತು ವರ್ಷ ದಾಟಿ ಉಳಿಯಿತು. ಅಲೆನ್ ಬೊಕ್ಷಿಚ್ ಹೊಡೆದ ಒಂದೇ ಗೋಲಿನಿಂದ ಹೈದುಕ್ ಗೆದ್ದಿತು, ಕಪ್ಪನ್ನು ಸ್ಪ್ಲಿಟ್‌ಗೆ ಒಯ್ದಿತು. ಅದನ್ನು ಹಿಂದಿರುಗಿಸುವ ಪ್ರಸಂಗವೇ ಬರಲಿಲ್ಲ.

ಮುಂದಿನ ಋತು, 1991–92, ಆ ಲೀಗಿನ ಕೊನೆಯದು. ಕ್ರೊಯೇಷಿಯದ ನಾಲ್ಕು, ಸ್ಲೊವೇನಿಯದ ಒಂದು ಕ್ಲಬ್ಬು ಇಲ್ಲದೆಯೇ ವೇಳಾಪಟ್ಟಿ ಅಚ್ಚಾಯಿತು. ಖಾಲಿ ಜಾಗ ತುಂಬಲು ಕೆಳಗಿನ ದರ್ಜೆಯ ತಂಡಗಳನ್ನು ಮೇಲೆ ತಂದರು. ರೆಡ್ ಸ್ಟಾರ್ ಯುರೋಪಿನ ಪಂದ್ಯಗಳನ್ನು ತನ್ನೂರಿನಲ್ಲಿ ಆಡುವ ಹಾಗಿರಲಿಲ್ಲ. ಯುರೋಪಿನ ಚಾಂಪಿಯನ್ ತಂಡ ಹಂಗೆರಿಗೂ ಬಲ್ಗೇರಿಯಕ್ಕೂ ಹೋಗಿ ಅದನ್ನೇ ತನ್ನ ಮನೆ ಅಂದುಕೊಂಡು ಆಡಿತು. ಡಿಸೆಂಬರ್ 8ರಂದು ಟೋಕಿಯೊದಲ್ಲಿ ಚಿಲಿಯ ಕೊಲೊ ಕೊಲೊ ತಂಡವನ್ನು 3–0ಯಿಂದ ಸೋಲಿಸಿ ಖಂಡಗಳ ನಡುವಿನ ಕಪ್ಪನ್ನೂ ಗೆದ್ದಿತು. ಅದಕ್ಕೆ ಮೂರು ವಾರ ಮೊದಲು, ಬೊರೊವೊ ಪಕ್ಕದ ವುಕೊವಾರ್ ಪಟ್ಟಣ ಮುತ್ತಿಗೆಯಲ್ಲಿ ಬಿದ್ದು ಮಣ್ಣುಪಾಲಾಗಿತ್ತು. ರೆಡ್ ಸ್ಟಾರ್‌ನ ಅಭಿಮಾನಿ ಪಡೆಯ ಮುಖಂಡನಾಗಿದ್ದ ಅರ್ಕಾನ್ ಎಂಬವನು ಅದೇ ಗ್ಯಾಲರಿಯಿಂದ ಹುಡುಗರನ್ನು ಆರಿಸಿ ಖಾಸಗಿ ಸೇನೆ ಕಟ್ಟಿದ. ಯುದ್ಧಾಪರಾಧದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನ ಮೇಲೆ ಆರೋಪ ಹೊರಿಸಿತು. ವಿಚಾರಣೆಗೆ ಮೊದಲೇ ಕೊಲೆಯಾದ. ನಿಮ್ಮ ಟೂರ್ನಮೆಂಟಿನಲ್ಲಿ ತಮಟೆ ಬಾರಿಸುವ, ಪಟಾಕಿ ಹೊಡೆಯುವ ಹುಡುಗರನ್ನು ಕಂಡರೆ ನನಗೆ ಪ್ರೀತಿ. ಅವರ ಕೂಗನ್ನು ಯಾರು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಮಾತ್ರ ಕಣ್ಣಿಟ್ಟಿರಿ.

ಹಿಂದೂಪುರದವರಿಗೆ ಹತ್ತಿರವಾಗಬೇಕಾದ ಕ್ಲಬ್ಬೊಂದು ಆ ಲೀಗಿನಲ್ಲಿತ್ತು. ಅದರ ಹೆಸರು ಝೆಲ್ಯೆಜ್ನಿಚಾರ್. ಹೆಸರಿನ ಅರ್ಥವೇ ರೈಲ್ವೆ ಕೆಲಸಗಾರ. 1921ರಲ್ಲಿ ಸರಯೇವೊದ ರೈಲ್ವೆ ನೌಕರರು ಕಟ್ಟಿದ್ದು. ಗುಂತಕಲ್ಲು, ಧರ್ಮಾವರದ ರೈಲ್ವೆ ಕಾಲೋನಿಗಳಲ್ಲಿ ಚೆಂಡು ಒದೆಯುವುದನ್ನು ಕಲಿತ ಹಿರಿಯರನ್ನು ಕಂಡವನು ನಾನು. ಆ ಕ್ಲಬ್ಬಿನ ಬಗ್ಗೆ ಓದಿದಾಗಲೆಲ್ಲ ಅವರ ಮುಖ ನೆನಪಾಗುತ್ತದೆ. 1971–72ರಲ್ಲಿ ಅದು ಇಡೀ ದೇಶದ ಚಾಂಪಿಯನ್. ಅದರ ಮೈದಾನ ಗ್ರ್ಬಾವಿತ್ಸಾ ಎಂಬ ಬಡಾವಣೆಯಲ್ಲಿದೆ. 1992ರ ಏಪ್ರಿಲ್ 5ರ ಭಾನುವಾರ ಅಲ್ಲಿ ಬೆಲ್‌ಗ್ರೇಡಿನ ರಾದ್ ತಂಡದೊಂದಿಗೆ ಲೀಗ್ ಪಂದ್ಯವಿತ್ತು. ಅದೇ ದಿನ ಊರಿನಲ್ಲಿ ಶಾಂತಿ ಬೇಕೆಂದು ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿತು, ಸೇತುವೆಯ ಮೇಲೆ ಇಬ್ಬರು ಹೆಣ್ಣುಮಕ್ಕಳು ಸತ್ತರು. ಪಂದ್ಯ ನಡೆಯಲಿಲ್ಲ. ಅವತ್ತು ಶುರುವಾದ ಸರಯೇವೊದ ಮುತ್ತಿಗೆ 1,425 ದಿನ ನಡೆಯಿತು. ಗ್ರ್ಬಾವಿತ್ಸಾ ಮೈದಾನ ಎರಡು ಸೈನ್ಯಗಳ ನಡುವಿನ ಗೆರೆಗೆ ಸಿಕ್ಕಿ ಸುಟ್ಟುಹೋಯಿತು. ಆ ಋತು ಮುಗಿಯುವ ಹೊತ್ತಿಗೆ ಸರಯೇವೊದ ಎರಡು ಕ್ಲಬ್ಬು, ತುಜ್ಲಾದ್ದು, ಮೊಸ್ತಾರ್‌ನದು, ಯಾವುದೂ ಪಂದ್ಯಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಅಂಕಪಟ್ಟಿಯಲ್ಲಿ ರೆಡ್ ಸ್ಟಾರ್ ಮೊದಲನೆಯದು. ಎದುರಾಳಿಗಳೇ ಉಳಿಯದ ಲೀಗಿನ ಮೊದಲ ಸ್ಥಾನವನ್ನು ನಾನು ಗೆಲುವೆಂದು ಲೆಕ್ಕಕ್ಕೆ ಇಡುವುದಿಲ್ಲ.

ಆ ಕೊನೆಯ ದಿನಗಳಲ್ಲಿ ರಾಷ್ಟ್ರೀಯ ತಂಡದ ಕೋಚ್ ಆಗಿದ್ದವನು ಇವಿತ್ಸಾ ಓಸಿಮ್. ಸರಯೇವೊದವನು, ಝೆಲ್ಯೆಜ್ನಿಚಾರ್‌ನಲ್ಲೇ ಆಡಿ ಬೆಳೆದವನು. ಎಲ್ಲ ಕಡೆಯ ಹುಡುಗರನ್ನೂ ಒಂದೇ ಅಂಗಿ ತೊಡಿಸಿ ಆಡಿಸುತ್ತಿದ್ದವನು. 1992ರ ಮೇ ತಿಂಗಳಲ್ಲಿ ಆತ ಬೆಲ್‌ಗ್ರೇಡಿನಲ್ಲಿದ್ದ, ಹೆಂಡತಿ ಮತ್ತು ಮಗಳು ಮುತ್ತಿಗೆಯೊಳಗಿನ ಸರಯೇವೊದಲ್ಲಿದ್ದರು. ಮೇ 23ರಂದು ಪತ್ರಕರ್ತರನ್ನು ಕರೆದು, ಕಣ್ಣೀರು ತಡೆಯಲಾರದೆ, ರಾಜೀನಾಮೆ ಹೇಳಿದ. ತನ್ನ ಊರಿಗಾಗಿ ತಾನು ಮಾಡಬಹುದಾದದ್ದು ಇಷ್ಟೇ ಎಂಬುದು ಅವನ ಮಾತಿನ ಅರ್ಥ. ವಾರದ ಮೇಲೆ ವಿಶ್ವಸಂಸ್ಥೆಯ ದಿಗ್ಬಂಧನ ಬಂತು. ಸ್ವೀಡನ್ನಿನ ಯುರೋ ಕಪ್ಪಿನಿಂದ ಆ ತಂಡವನ್ನು ಹೊರಹಾಕಿ ಡೆನ್ಮಾರ್ಕನ್ನು ಕರೆದರು. ಹತ್ತು ಹನ್ನೆರಡು ದಿನದ ಅವಧಿಯಲ್ಲಿ ಹೊರಟುಬಂದ ಡೆನ್ಮಾರ್ಕ್ ಜೂನ್ 26ರಂದು ಜರ್ಮನಿಯನ್ನು ಸೋಲಿಸಿ ಕಪ್ಪನ್ನೇ ಗೆದ್ದಿತು. ಲೋಕ ಆ ಅಚ್ಚರಿಯ ಕಥೆಯನ್ನು ನೆನಪಿಟ್ಟುಕೊಂಡಿದೆ. ನನಗೆ ಮೇಜಿನ ಹಿಂದೆ ಕೂತು ಅತ್ತ ಆ ಎತ್ತರದ ಮನುಷ್ಯ ನೆನಪಾಗುತ್ತಾನೆ. ಓಸಿಮ್ 2022ರ ಮೇ 1ರಂದು ತೀರಿಕೊಂಡ.

ಆ ಕಾಲದಲ್ಲಿ ಇನ್ನೂ ಎರಡು ಲೀಗುಗಳು ಮುಗಿದುಹೋದವು. ಸೋವಿಯತ್ ಒಕ್ಕೂಟದ್ದರಲ್ಲಿ 1990ರಲ್ಲೇ ಜಾರ್ಜಿಯ, ಲಿಥುವೇನಿಯದ ಕ್ಲಬ್ಬುಗಳು ಹಿಂದೆ ಸರಿದವು. 1991ರಲ್ಲಿ ಮಾಸ್ಕೋದ ಸಿಎಸ್‌ಕೆಎ ಕೊನೆಯ ಚಾಂಪಿಯನ್. ಪೂರ್ವ ಜರ್ಮನಿಯದು ಮಾತ್ರ ಬೇರೆ ಜಾತಿಯ ಕೊನೆ. ಅಲ್ಲಿ ಗೋಡೆ ಬಿದ್ದು ದೇಶ ಇನ್ನೊಂದರಲ್ಲಿ ಕೂಡಿಕೊಂಡಿತು. 1990ರ ಸೆಪ್ಟೆಂಬರ್ 12ರಂದು ಬ್ರಸೆಲ್ಸಿನಲ್ಲಿ ಅವರ ರಾಷ್ಟ್ರೀಯ ತಂಡ ಕೊನೆಯ ಪಂದ್ಯ ಆಡಿದಾಗ ಬಂದಿದ್ದವರು ಹದಿನಾಲ್ಕೇ ಆಟಗಾರರು; ಆದರೂ ಬೆಲ್ಜಿಯಂ ಎದುರು 2–0ಯಿಂದ ಗೆದ್ದು, ಅಂಗಿ ಬಿಚ್ಚಿಟ್ಟು ಮನೆಗೆ ಹೋದರು. ಬಾಗಿಲು ತೆರೆದು ಮುಗಿಯುವ ಲೀಗೂ ಉಂಟು, ಬಾಗಿಲು ಹಾಕಿಕೊಂಡು ಮುಗಿಯುವ ಲೀಗೂ ಉಂಟು.

ಈಗ ನೀವು ಕೇಳುತ್ತೀರಿ: ಮೇಷ್ಟ್ರೇ, ಹಿಂದೂಪುರಕ್ಕೂ ಸರಯೇವೊಗೂ ಏನು ಸಂಬಂಧ? ನಮ್ಮೂರು ಸರಯೇವೊ ಅಲ್ಲ, ಆಗುವುದೂ ಇಲ್ಲ. ಹಾಗೆ ಹೆದರಿಸುವುದು ತಪ್ಪು. ನಾನು ಅದಕ್ಕೆ ಉಲ್ಟಾ ಮಾತನ್ನೇ ಹೇಳಬೇಕಾಗಿದೆ. ನಮ್ಮ ಮೇಲೂ ಗೆರೆ ಎಳೆದರು. ನನ್ನ ತಂದೆಯ ಕಾಲಕ್ಕೆ ಅನಂತಪುರ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು, ಪಕ್ಕದ ಪಾವಗಡ, ಗೌರಿಬಿದನೂರು ಮೈಸೂರು ಸೀಮೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಅದೇ ದಿನ ಬಳ್ಳಾರಿ ಜಿಲ್ಲೆ ಹರಿದು ರಾಯದುರ್ಗ, ಆಲೂರು, ಆದೋನಿ ಈ ಕಡೆ ಉಳಿದವು, ಮಿಕ್ಕದ್ದು ಮೈಸೂರಿಗೆ ಹೋಯಿತು. 1956ರಲ್ಲಿ ಇಡೀ ದೇಶದ ನಕ್ಷೆಯೇ ಭಾಷೆಯ ಮೇಲೆ ಬದಲಾಯಿತು. 2022ರ ಏಪ್ರಿಲ್ 4ರಿಂದ ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನಕ್ಷೆ ಬಿಡಿಸಿ ನೋಡಿ: ಪಾವಗಡ ತಾಲ್ಲೂಕು ಹೆಚ್ಚುಕಡಿಮೆ ಸುತ್ತಲೂ ಆಂಧ್ರವಿರುವ ಕರ್ನಾಟಕ, ಮಡಕಶಿರಾ ಕರ್ನಾಟಕದೊಳಕ್ಕೆ ಚಾಚಿಕೊಂಡ ಆಂಧ್ರ. ಅಗಳಿ, ರೊಳ್ಳ, ಅಮರಾಪುರದಲ್ಲಿ ಮನೆಮನೆಯಲ್ಲಿ ಕನ್ನಡ. ಪಾವಗಡದ ಬೀದಿಯಲ್ಲಿ ತೆಲುಗು. ಇಷ್ಟೆಲ್ಲ ಗೆರೆ ಎಳೆದರೂ ಒಂದು ಬಂಡಿಯೂ ನಿಲ್ಲಲಿಲ್ಲ. ಹುಣಸೆಹಣ್ಣು, ಬೆಲ್ಲ ಹಿಂದೂಪುರದ ಮಾರುಕಟ್ಟೆಗೆ ಎರಡೂ ಕಡೆಯಿಂದ ಬರುತ್ತದೆ. ಹೆಣ್ಣು ಕೊಟ್ಟು ತರುವುದು ಎರಡೂ ಕಡೆಗೆ ನಡೆಯುತ್ತದೆ. ಯುಗೊಸ್ಲಾವಿಯದ ಒಳಗಿನ ಗೆರೆಗಳು ಕಂದಕಗಳಾದವು. ನಮ್ಮ ಗೆರೆಗಳು ಕಾಗದದ ಮೇಲೇ ಉಳಿದವು. ಸರ್ಕಾರಗಳು ಹಾಗೆ ಉಳಿಸಿದವೆಂದು ನಾನು ನಂಬುವುದಿಲ್ಲ. ಉಳಿಸಿದ್ದು ಸಂತೆ, ಬೀಗತನ, ಜಾತ್ರೆ, ಮತ್ತು ನಿಮ್ಮ ಚೆಂಡು.

ಹೌದು, ನಿಮ್ಮ ಚೆಂಡು. ಕಡಲೆಕಾಯಿ ಕಿತ್ತ ಮೇಲೆ ಹೊಲ ಹಸನು ಮಾಡಿ, ಬಿದಿರು ನೆಟ್ಟು ಗೋಲು ಕಂಬ ಮಾಡಿದ ದಿನಗಳಲ್ಲಿ, ಪಾವಗಡದಿಂದ ಲಾರಿಯ ಹಿಂದೆ ನಿಂತು ಬರುತ್ತಿದ್ದ ತಂಡಕ್ಕೆ ನಮ್ಮ ಶಾಲೆಯ ವರಾಂಡದಲ್ಲೇ ಮಲಗುವ ವ್ಯವಸ್ಥೆ. ಒಮ್ಮೆ ಫೈನಲ್‌ನಲ್ಲಿ ಅವರು ನಮ್ಮನ್ನು ಸೋಲಿಸಿದರು. ನಮ್ಮ ಹುಡುಗರು ಮುಖ ತಿರುಗಿಸಿಕೊಂಡು ಕೂತಿದ್ದಾಗ, ಬಂದ ತಂಡಕ್ಕೆ ರಾತ್ರಿ ಅಡುಗೆ ಮಾಡುತ್ತಿದ್ದ ಮುದುಕಿ, ಗೆದ್ದವರಿಗೂ ಹಸಿವಾಗುತ್ತದೆ ಬಡಿಸ್ರೋ ಎಂದು ಗದರಿದಳು. ಬಡಿಸಿದರು. ಮುಂದಿನ ವರ್ಷ ನಮ್ಮ ತಂಡ ಪಾವಗಡಕ್ಕೆ ಹೋದಾಗ ಅದೇ ಹುಡುಗರು ಬಸ್ ಸ್ಟ್ಯಾಂಡಿಗೆ ಬಂದು ಚೀಲ ಹೊತ್ತರು. ಅದಕ್ಕೆ ನಾವು ಲೀಗು ಎಂದು ಹೆಸರಿಟ್ಟಿರಲಿಲ್ಲ. ಅದು ಲೀಗೇ ಆಗಿತ್ತು.

ನಿಮ್ಮ ನಿಯಮಕ್ಕೆ ಕಾರಣ ಇಲ್ಲದಿಲ್ಲ, ಅದೂ ನನಗೆ ಗೊತ್ತು. ಎರಡು ಕಾರಣ ಹೇಳುತ್ತಿದ್ದೀರಿ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡುವ ಹುಡುಗರನ್ನು ದುಡ್ಡು ಕೊಟ್ಟು ಕರೆತಂದು ಗಡಿಯಾಚೆಯ ತಂಡಗಳು ಬಹುಮಾನ ಹೊಡೆದುಕೊಂಡು ಹೋಗುತ್ತವೆ ಎಂಬುದು ಮೊದಲನೆಯದು. ಹೋದ ವರ್ಷ ಒಂದು ಪೆನಾಲ್ಟಿಯ ಮೇಲೆ ಜಗಳವಾಗಿ ಕೈ ಕೈ ಮಿಲಾಯಿಸಿದರು, ಅದಾದ ಮೇಲೆ ಭಾಷೆಯ ಮೇಲೆ ಬಯ್ಗುಳ ಬಂತು ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಸುಲಭ. ಬಾಡಿಗೆ ಆಟಗಾರರ ಕಾಟ ಗಡಿಯಿಂದ ಬಂದದ್ದಲ್ಲ. ನಮ್ಮ ತಂಡಗಳೂ ಅನಂತಪುರದಿಂದ, ಕಡಪೆಯಿಂದ ಕರೆಸುತ್ತವೆ. ಒಂದು ತಂಡದಲ್ಲಿ ಹೊರಗಿನವರು ಇಬ್ಬರಿಗಿಂತ ಹೆಚ್ಚು ಇರಬಾರದು ಎಂದು ನಿಯಮ ಮಾಡಿ, ಅದು ಎಲ್ಲರಿಗೂ ಒಂದೇ ಇರಲಿ. ಆದರೆ ಹೊರಗಿನವರು ಬೇಡವೇ ಬೇಡ ಎನ್ನುವವರಿಗೆ ಎರಡು ಹೆಸರು ನೆನಪು ಮಾಡುತ್ತೇನೆ. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದವರು. ಅದೇ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲನ್ನು ಹೊಡೆದದ್ದೂ ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್ ಆಮೇಲೆ ಕಲ್ಕತ್ತೆಗೆ ಹೋಗಿ ಒಂದು ದಶಕ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಅದು 1920ರಲ್ಲಿ ಹುಟ್ಟಿದ ಕ್ಲಬ್ಬು. 1947ರಲ್ಲಿ ಆ ಹೆಸರಿನ ನೆಲವೇ ಬೇರೆ ದೇಶಕ್ಕೆ ಹೋಯಿತು. ಹಿಂದಿನ ವರ್ಷ ಗಲಭೆಯಿಂದ ಐಎಫ್‌ಎ ಷೀಲ್ಡ್ ಪಂದ್ಯಾವಳಿಯೇ ನಡೆದಿರಲಿಲ್ಲ. ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಉಳಿದದ್ದು ಆ ಕ್ಲಬ್ಬಿನ ಹೆಸರೊಂದೇ. ಅವರು ಹೆಗಲ ಮೇಲೆ ಹೊತ್ತು ಮೆರೆಸಿದ್ದು ಬಂಗಾಳಿ ಮನೆಮಾತಲ್ಲದ, ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗನನ್ನು.

ನಮ್ಮ ಜಿಲ್ಲೆಯನ್ನೇ ನೋಡಿ. ಬಾರ್ಸಿಲೋನಾದಲ್ಲಿ ಹುಟ್ಟಿದ ಫಾದರ್ ಫೆರರ್ ಅವರನ್ನು ಮಹಾರಾಷ್ಟ್ರದಿಂದ ಹೊರಗೆ ಕಳಿಸಿದ ಮೇಲೆ 1969ರಲ್ಲಿ ಅವರಿಗೆ ನೆಲೆ ಕೊಟ್ಟದ್ದು ಅನಂತಪುರ. ಅವರ ಆರ್‌ಡಿಟಿ ಸಂಸ್ಥೆ ಕಟ್ಟಿದ ಆಸ್ಪತ್ರೆ ಕಲ್ಯಾಣದುರ್ಗದಲ್ಲಿದೆ. ಅವರ ಆಟದ ಬಯಲುಗಳಲ್ಲಿ ಕೂಲಿಕಾರರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬೂಟು ಹಾಕಿಕೊಂಡು ಚೆಂಡು ಒದೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗಿನವನು ಎಂದು ಅವತ್ತು ಈ ಜಿಲ್ಲೆಯೂ ಬಾಗಿಲು ಹಾಕಿದ್ದರೆ, ಇವತ್ತು ನಿಮ್ಮ ಟೂರ್ನಮೆಂಟಿಗೆ ಬರುವ ಎಷ್ಟು ಮಕ್ಕಳು ಬರುತ್ತಿದ್ದರು?

ಎರಡನೆಯ ಕಾರಣ ನಿಜಕ್ಕೂ ಕಷ್ಟದ್ದು. ಜಗಳವಾಯಿತು, ತಲೆಗೆ ಪೆಟ್ಟಾಯಿತು, ಇನ್ನು ಅವರ ಸಹವಾಸ ಬೇಡ ಎನ್ನಿಸುವುದು ಸಹಜ. ಇದಕ್ಕೆ ಸ್ಟಿಮಾಚ್‌ನ ಕಥೆಯ ಉಳಿದ ಭಾಗ ಹೇಳುತ್ತೇನೆ.

1991ರ ಫೈನಲ್‌ನಲ್ಲಿ ಹಗೆ ಕಟ್ಟಿಕೊಂಡ ಸ್ಟಿಮಾಚ್ ಮತ್ತು ಮಿಹಾಯ್ಲೊವಿಚ್ ಇಪ್ಪತ್ತೆರಡು ವರ್ಷದ ಮೇಲೆ ಮತ್ತೆ ಎದುರಾದರು. 2013ರ ಮಾರ್ಚ್ 22, ಜಾಗ ಅದೇ ಮಾಕ್ಸಿಮಿರ್. ಒಬ್ಬ ಕ್ರೊಯೇಷಿಯದ ಕೋಚ್, ಇನ್ನೊಬ್ಬ ಸರ್ಬಿಯದ ಕೋಚ್. ಗೊಂದಲವಾಗಬಾರದೆಂದು ಸರ್ಬಿಯದ ಅಭಿಮಾನಿಗಳನ್ನು ಆ ಪಂದ್ಯಕ್ಕೆ ಬಿಟ್ಟಿರಲಿಲ್ಲ. ಬೆಲ್‌ಗ್ರೇಡಿನ ಮರುಪಂದ್ಯಕ್ಕೆ ಕ್ರೊಯೇಷಿಯದವರನ್ನು ಬಿಡಲಿಲ್ಲ. ಯುದ್ಧ ಮುಗಿದು ಅಷ್ಟು ವರ್ಷವಾದರೂ ಎದುರು ತಂಡದ ಜನ ಬರುವ ಹಾಗಿರಲಿಲ್ಲ. ಒಮ್ಮೆ ನಿಂತ ಬಸ್ಸು ಮತ್ತೆ ಹೊರಡಲು ಎಷ್ಟು ಕಾಲ ಬೇಕು ನೋಡಿ. ಆದರೆ ಆ ಇಬ್ಬರು ಅವತ್ತು ಕೈ ಕುಲುಕಿದರು. ಮಿಹಾಯ್ಲೊವಿಚ್ 2022ರ ಡಿಸೆಂಬರ್‌ನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ.

ಸ್ಟಿಮಾಚ್ 2019ರಿಂದ ಐದು ವರ್ಷ ನಮ್ಮ ಭಾರತ ತಂಡದ ಕೋಚ್ ಆಗಿದ್ದದ್ದು ನಿಮಗೆ ಗೊತ್ತೇ ಇದೆ. 2023ರ ಜೂನ್ 21ರಂದು ಬೆಂಗಳೂರಿನ ಕಂಠೀರವದಲ್ಲಿ ಸ್ಯಾಫ್ ಪಂದ್ಯಾವಳಿಯ ಭಾರತ–ಪಾಕಿಸ್ತಾನ ಪಂದ್ಯ. ವೀಸಾ ತಡವಾಗಿ ಪಾಕಿಸ್ತಾನದ ಹುಡುಗರು ಪಂದ್ಯದ ದಿನವೇ ಬಂದಿಳಿದು, ನಿದ್ದೆಗೆಟ್ಟ ಕಣ್ಣಲ್ಲೇ ಮೈದಾನಕ್ಕೆ ಬಂದರು. 4–0ಯಿಂದ ಸೋತರು, ಛೇಟ್ರಿಯದೇ ಮೂರು ಗೋಲು. ಎದುರು ತಂಡದವನ ಕೈಯಿಂದ ಚೆಂಡು ಕಿತ್ತದ್ದಕ್ಕೆ ಸ್ಟಿಮಾಚ್‌ಗೆ ಕೆಂಪು ಕಾರ್ಡು ಬಿತ್ತು, ಎರಡೂ ಕಡೆಯವರು ತಳ್ಳಾಡಿದರು. ರೆಫ್ರಿ ಸೀಟಿ ಊದಿದ, ಕಾರ್ಡು ತೋರಿಸಿದ, ಆಟ ಮುಂದುವರಿಯಿತು. ಯುದ್ಧಗಳನ್ನೇ ಮಾಡಿದ ಎರಡು ದೇಶಗಳ ತಂಡಗಳು ಹಿಂದೂಪುರದಿಂದ ನೂರು ಕಿಲೋಮೀಟರ್ ದೂರದಲ್ಲಿ ತಳ್ಳಾಡಿಕೊಂಡೂ ಆಟ ಮುಗಿಸಿದವು. ಪಾವಗಡದವರ ಜೊತೆ ನಮಗೆ ಆಗುವುದಿಲ್ಲವೇ?

ಜಗಳಕ್ಕೆ ಮದ್ದು ಗಟ್ಟಿ ರೆಫ್ರಿ. ಎರಡೂ ಊರಿಗೆ ಸೇರದ ರೆಫ್ರಿಯನ್ನು ಕರೆಸಿ, ಅವನಿಗೆ ಬಹುಮಾನದ ಹಣದಲ್ಲಿ ಒಂದು ಪಾಲು ಕೊಡಿ. ಭಾಷೆ ಹಿಡಿದು ಬಯ್ದವನು ನಮ್ಮವನಾದರೂ ಆ ಕ್ಷಣವೇ ಮೈದಾನದಿಂದ ಹೊರಗೆ ಹೋಗಲಿ, ಮೈಕಿನಲ್ಲಿ ಅದನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿ. ಬಂದ ತಂಡಕ್ಕೆ ಮಲಗಲು ಜಾಗ, ರಾತ್ರಿ ಊಟ ಇರಲಿ. ಹೋಟೆಲಿನಿಂದ ಪೊಟ್ಟಣ ತರಿಸುವುದಕ್ಕಿಂತ ಮನೆಗಳಿಂದ ಮುದ್ದೆ, ಸಾರು ಬರಲಿ. ಉಂಡ ಮನೆಯ ಹುಡುಗನ ಕಾಲಿಗೆ ಒದೆಯಲು ಯಾರಿಗೂ ಕಾಲು ಬರುವುದಿಲ್ಲ.

1996ರ ಮೇ 2ರಂದು, ಮುತ್ತಿಗೆ ಮುಗಿದು ಎರಡು ತಿಂಗಳಿಗೆ, ಝೆಲ್ಯೆಜ್ನಿಚಾರ್ ತಂಡ ಸುಟ್ಟುಹೋದ ತನ್ನ ಗ್ರ್ಬಾವಿತ್ಸಾ ಮೈದಾನಕ್ಕೆ ಹಿಂದಿರುಗಿ ಊರಿನ ಇನ್ನೊಂದು ಕ್ಲಬ್ಬಿನೊಡನೆ ಪಂದ್ಯ ಆಡಿತು. ಮನೆ ಕಟ್ಟುವುದು ಬಾಕಿಯಿತ್ತು, ಹೂಳಿದವರ ಲೆಕ್ಕ ಮುಗಿದಿರಲಿಲ್ಲ. ಆದರೂ ಮೊದಲು ಗೋಲು ಕಂಬ ನೆಟ್ಟರು.

ನಾವು ಏನನ್ನೂ ಮತ್ತೆ ನೆಡಬೇಕಾಗಿಲ್ಲ, ನೆಟ್ಟದ್ದನ್ನು ಕೀಳದಿದ್ದರೆ ಸಾಕು. ಟೂರ್ನಮೆಂಟು ನಡೆಯುವ ಸಂಕ್ರಾಂತಿಗೆ ಇನ್ನೂ ಸಮಯವಿದೆ. ಪೋಸ್ಟರಿನ ಆ ಕೊನೆಯ ಸಾಲಿನ ಮೇಲೆ ಕಾಗದ ಅಂಟಿಸಿ. ಪಾವಗಡಕ್ಕೆ, ಗೌರಿಬಿದನೂರಿಗೆ, ಮಧುಗಿರಿಗೆ, ಕಲ್ಯಾಣದುರ್ಗದವರು ಪರಶುರಾಂಪುರಕ್ಕೆ, ಈ ವಾರವೇ ಫೋನ್ ಮಾಡಿ. ಬರುವ ತಂಡಗಳಲ್ಲಿ ಎರಡಕ್ಕೆ ಊಟ, ಹಾಸಿಗೆ ನನ್ನ ಮನೆಯದು. ಮೊಣಕಾಲು ನೋವಿದ್ದರೂ ಲೈನಿನಲ್ಲಿ ಬಾವುಟ ಹಿಡಿದು ನಿಲ್ಲುತ್ತೇನೆ. ಮೊದಲ ಪಂದ್ಯದ ಚೆಂಡು ಕೊಂಡಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ.

ನಿಮ್ಮ,
ಹಿಂದೂಪುರದ ನಿವೃತ್ತ ಪಿ.ಟಿ. ಮೇಷ್ಟ್ರು